ಬೀದಿಯ ಚಿತ್ರ: ಗುಂಡಿ ಒತ್ತುವ ಮೊದಲೇ ಮುಗಿಯುವ ಲೆಕ್ಕ

ಪೋಸು ಕೊಡದ, ಕ್ಯಾಮೆರಾದ ಪರಿವೆಯೇ ಇಲ್ಲದ ಜನರನ್ನು ಅವರ ಪಾಡಿಗೆ ಅವರು ಇರುವಂತೆಯೇ ಸೆರೆಹಿಡಿದ ಬೀದಿಯ ಛಾಯಾಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವು ನೋಡಿರುತ್ತೀರಿ. ಇಂಥವನ್ನು ಕ್ಯಾಂಡಿಡ್ ಚಿತ್ರಗಳೆಂದು ಕರೆಯುವುದು ರೂಢಿ. ಒಳ್ಳೆಯ ಕ್ಯಾಂಡಿಡ್ ಚಿತ್ರ ಕಂಡಾಗ 'ಅದೃಷ್ಟ ಚೆನ್ನಾಗಿತ್ತು, ಸರಿಯಾದ ಕ್ಷಣಕ್ಕೆ ಒತ್ತಿದ್ದಾನೆ' ಎನ್ನುವವರೇ ಹೆಚ್ಚು. ಭೌತವಿಜ್ಞಾನದ ದೃಷ್ಟಿಯಿಂದ ಈ ಮಾತು ನಿಲ್ಲುವುದಿಲ್ಲ.

ಏಕೆಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಗೆಳೆಯನೊಬ್ಬ ಪಟ್ಟಿಯನ್ನು ತೂಗಾಡಿಸಿ ಹಿಡಿದು ಹೇಳದೆ ಕೈಬಿಡಲಿ. ನೀವು ಬೆರಳುಗಳ ನಡುವೆ ಅದನ್ನು ಹಿಡಿಯುವಷ್ಟರಲ್ಲಿ ಅದು ಸುಮಾರು 20 ಸೆಂಮೀ ಬಿದ್ದಿರುತ್ತದೆ. ಗುರುತ್ವದ ಸೂತ್ರ ಹಾಕಿದರೆ ಕಾಲ 0.2 ಸೆಕೆಂಡು. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಬೇಕಾದ ಅವಧಿ ಇದು. ಕ್ಯಾಮೆರಾ ತನ್ನ ಪಾಲಿನ ವಿಳಂಬವನ್ನೂ ಸೇರಿಸುತ್ತದೆ. ಒಟ್ಟು ಕಾಲು ಸೆಕೆಂಡು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ನಡೆಯುವವನು 35 ಸೆಂಮೀ ಮುಂದೆ ಹೋಗಿರುತ್ತಾನೆ, ಸೈಕಲ್ ಸವಾರ ಒಂದು ಮೀಟರ್. ಅಂದರೆ 'ಕಂಡ ಕ್ಷಣ'ವನ್ನು ಯಾರೂ ತೆಗೆಯಲಾರರು. ಚಿತ್ರದಲ್ಲಿರುವುದು ಛಾಯಾಗ್ರಾಹಕ ಮುಂಚಿತವಾಗಿ ಊಹಿಸಿದ ಕ್ಷಣ. ಈ ಊಹೆಗೆ ಆಧಾರವಾಗಿ ದೂರ, ಬೆಳಕು ಮತ್ತು ವೇಗ ಎಂಬ ಮೂರು ಲೆಕ್ಕಗಳಿವೆ. ನಮ್ಮ ದಾವಣಗೆರೆ ಮತ್ತು ಹರಿಹರದ ಬೀದಿಗಳಲ್ಲೇ ಅವನ್ನು ಪರೀಕ್ಷಿಸಬಹುದು.

ದೂರದ ಲೆಕ್ಕ

ಚೌಕಿಪೇಟೆಯಂಥ ಇಕ್ಕಟ್ಟಾದ ಪೇಟೆಬೀದಿಯಲ್ಲಿ ಜನರು ನಿಮ್ಮಿಂದ ಎರಡರಿಂದ ಏಳು ಮೀಟರ್ ದೂರದೊಳಗೇ ಇರುತ್ತಾರೆ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಮಸೂರ ತಿರುಗಿಸಿ, ಒಬ್ಬನ ಮುಖಕ್ಕೆ ಫೋಕಸ್ ಮಾಡುವಷ್ಟರಲ್ಲಿ ಅವನು ನಿಮ್ಮನ್ನು ನೋಡಿ ನಕ್ಕುಬಿಡುತ್ತಾನೆ. ಆದ್ದರಿಂದ ಹಳಬರು ಫೋಕಸ್ಸನ್ನೇ ಮಾಡುತ್ತಿರಲಿಲ್ಲ! ಮಸೂರವನ್ನು ಮೊದಲೇ ಮೂರು ಮೀಟರಿಗೆ ನಿಲ್ಲಿಸಿ, ದ್ಯುತಿರಂಧ್ರವನ್ನು ಕಿರಿದು ಮಾಡಿ ಹೊರಡುತ್ತಿದ್ದರು.

ಇದು ಹೇಗೆ ಸಾಧ್ಯ? ಮಸೂರವು ಒಂದೇ ದೂರದ ವಸ್ತುವಿನ ಬಿಂದುವನ್ನು ಬಿಂದುವಾಗಿ ಮೂಡಿಸುತ್ತದೆ. ಉಳಿದ ದೂರಗಳ ಬಿಂದುಗಳು ಪುಟ್ಟ ವೃತ್ತಗಳಾಗುತ್ತವೆ. 36 ಮಿಮೀ ಅಗಲದ ಫಿಲ್ಮಿನ ಮೇಲೆ ಈ ವೃತ್ತದ ವ್ಯಾಸ 0.03 ಮಿಮೀ ಮೀರದಿದ್ದರೆ, ಎಂಟು ಪಟ್ಟು ಹಿಗ್ಗಿಸಿದ ಮುದ್ರಣದಲ್ಲೂ ಅದು ಕಾಲು ಮಿಲಿಮೀಟರಿನೊಳಗೇ ಇರುತ್ತದೆ, ಕಣ್ಣು ಅದನ್ನು ಬಿಂದುವೆಂದೇ ಒಪ್ಪುತ್ತದೆ. ಸಂಗಮದೂರದ ವರ್ಗವನ್ನು ಎಫ್-ಸಂಖ್ಯೆ ಮತ್ತು ಈ 0.03ರ ಗುಣಲಬ್ಧದಿಂದ ಭಾಗಿಸಿದರೆ ಒಂದು ವಿಶೇಷ ದೂರ ಸಿಗುತ್ತದೆ. ಇದನ್ನು ಹೈಪರ್‌ಫೋಕಲ್ ದೂರ ಎನ್ನುತ್ತಾರೆ. ಅಷ್ಟು ದೂರಕ್ಕೆ ಫೋಕಸ್ ಮಾಡಿದರೆ ಅದರ ಅರ್ಧದಿಂದ ಅನಂತದವರೆಗೆ ಎಲ್ಲವೂ ಸ್ಫುಟ. 35 ಮಿಮೀ ಮಸೂರ ಮತ್ತು ಎಫ್/8ಕ್ಕೆ ಇದು ಸುಮಾರು 5.1 ಮೀಟರ್. ಮೂರು ಮೀಟರಿಗೆ ನಿಲ್ಲಿಸಿದರೆ 1.9ರಿಂದ 7.3 ಮೀಟರ್‌ವರೆಗೆ ಸ್ಫುಟ. ನಮ್ಮ ಪೇಟೆಬೀದಿಗೆ ಹೇಳಿ ಮಾಡಿಸಿದ ಅಳತೆ! ಅದೇ 50 ಮಿಮೀ ಮಸೂರವಾದರೆ ಸ್ಫುಟವಲಯ 2.3ರಿಂದ 4.2 ಮೀಟರಿಗೆ ಕುಗ್ಗುತ್ತದೆ. ಸಂಗಮದೂರ ವರ್ಗವಾಗಿ ಬರುವುದೇ ಇದಕ್ಕೆ ಕಾರಣ. ಬೀದಿ ಛಾಯಾಗ್ರಾಹಕರು ಕಿರುಸಂಗಮದ ಮಸೂರಗಳನ್ನು ಮೆಚ್ಚುವುದೇಕೆಂದು ಈಗ ತಿಳಿಯಿತಲ್ಲ.

ಮೊಬೈಲ್ ಫೋನಿನಲ್ಲಿ ಸಂಗಮದೂರ ಕೆಲವೇ ಮಿಲಿಮೀಟರು. ಹಾಗಾಗಿ ಸಾಮಾನ್ಯ ಫೋನಿಗೂ ಒಂದೆರಡು ಮೀಟರ್‌ನಿಂದ ಆಚೆಗೆಲ್ಲ ಸ್ಫುಟವಾಗಿಸುವುದು ಕಷ್ಟವಲ್ಲ.

ಬೆಳಕಿನ ಲೆಕ್ಕ

ಪ್ಯಾರಿಸ್ಸಿನ ಡಗೇರ್ 1838ರಲ್ಲಿ ತನ್ನ ಕಿಟಕಿಯಿಂದ ಜನನಿಬಿಡ ರಸ್ತೆಯೊಂದರ ಚಿತ್ರ ತೆಗೆದ. ಬೆಳಕಿಗೆ ಒಡ್ಡಿದ್ದು ಹಲವು ನಿಮಿಷ. ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಎಲ್ಲರೂ ಚಿತ್ರದಿಂದ ಮಾಯವಾದರು. ಉಳಿದದ್ದು ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮತ್ತು ಪಾಲಿಷ್ ಮಾಡುತ್ತಿದ್ದವನ ಅಸ್ಪಷ್ಟ ಆಕೃತಿ. ಛಾಯಾಚಿತ್ರದಲ್ಲಿ ಮೂಡಿದ ಮೊದಲ ಮನುಷ್ಯರಲ್ಲಿ ಅವರನ್ನು ಎಣಿಸುತ್ತಾರೆ. ತಾವು ಚಿತ್ರದಲ್ಲಿದ್ದೇವೆಂದು ಅವರಿಗೆ ತಿಳಿದಿರುವ ಸಂಭವ ಕಡಿಮೆ. ನಿಂತವರಿಗೆ ಮಾತ್ರ ಇತಿಹಾಸದಲ್ಲಿ ಜಾಗ ಎಂಬ ಈ ನಿರ್ಬಂಧ ಸಡಿಲವಾಗಲು ವೇಗದ ಫಿಲ್ಮು, ದೊಡ್ಡ ರಂಧ್ರದ ಮಸೂರ ಬೇಕಾದವು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಎಂಬ ಪುಟ್ಟ ಜರ್ಮನ್ ಕ್ಯಾಮೆರಾ ಅವನ್ನೆಲ್ಲ ಅಂಗೈಗೆ ತಂದಿತು.

ಬೆಳಕನ್ನು ಅಳೆಯಲು ಮೀಟರು ಬೇಕೆಂದಿಲ್ಲ. ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟರೆ, ಐಎಸ್‌ಒ ಸಂಖ್ಯೆಯ ವ್ಯುತ್ಕ್ರಮವೇ ಷಟರಿನ ಕಾಲ. ಐಎಸ್‌ಒ 400 ಆದರೆ 1/400 ಸೆಕೆಂಡು. ಎಫ್/8ಕ್ಕೆ ತೆರೆದರೆ ನಾಲ್ಕು ಪಟ್ಟು ಬೆಳಕು, ಕಾಲ 1/1600. ಆದರೆ ರಸ್ತೆಯ ಒಂದು ಬದಿಗೆ ನೆರಳು ಬಿದ್ದಿರುತ್ತದಲ್ಲ, ಅಲ್ಲಿ ಬೆಳಕು ಸುಮಾರು ಎಂಟನೇ ಒಂದು ಭಾಗ. ಅಲ್ಲಿ 1/200 ಬೇಕು. ಅನುಭವಿಗಳು ಈ ಎರಡು ಸಂಖ್ಯೆಗಳನ್ನು ಬೆಳಿಗ್ಗೆಯೇ ಮನಸ್ಸಿನಲ್ಲಿಟ್ಟುಕೊಂಡು, ಬಿಸಿಲಿನಿಂದ ನೆರಳಿಗೆ ಕಾಲಿಡುವಾಗ ನೋಡದೆಯೇ ಗುಂಡಿ ತಿರುಗಿಸುತ್ತಾರೆ.

ಬೆಳಕಿನ ದಿಕ್ಕೂ ಮುಖ್ಯ. ದಾವಣಗೆರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ನಾವು ಭಾರತೀಯ ಕಾಲಮಾನದ ರೇಖಾಂಶಕ್ಕಿಂತ ಪಶ್ಚಿಮಕ್ಕಿರುವುದರಿಂದ ಸುಮಾರು 25 ನಿಮಿಷ ತಡವಾಗಿ. ಆಗ ಹುಬ್ಬಿನ ನೆರಳು ಕಣ್ಣನ್ನೇ ಮುಚ್ಚುತ್ತದೆ, ಮುಖದ ಭಾವ ಸಿಗುವುದಿಲ್ಲ. ಸೂರ್ಯೋದಯದ ಒಂದು ಗಂಟೆಯ ನಂತರ ನೆರಳು ಆಳಿನ ನಾಲ್ಕರಷ್ಟು ಉದ್ದ, ಎರಡು ಗಂಟೆಯ ನಂತರ ಎರಡರಷ್ಟಕ್ಕಿಂತ ಕಡಿಮೆ. ಬೆಣ್ಣೆದೋಸೆಯ ಹೋಟೆಲುಗಳ ಮುಂದೆ ಜನ ಸೇರುವುದೂ ಇದೇ ವೇಳೆಗೆ. ಇದು ಕಾಕತಾಳೀಯವಾದರೂ ಛಾಯಾಗ್ರಾಹಕನ ಪುಣ್ಯ.

ಹೊಗೆಯ ವಿಷಯಕ್ಕೆ ಬರೋಣ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಪ್ರಸಿದ್ಧ. ಕಾದ ಮರಳಿನಲ್ಲಿ ಅಕ್ಕಿಯನ್ನು ಹುರಿದು ಅರಳಿಸಿ, ಜರಡಿ ಹಿಡಿಯುವ ಕೆಲಸ ಅಲ್ಲಿ ನಡೆಯುತ್ತದೆ. ಒಳಗೆ ಕತ್ತಲು, ಮಾಡಿನ ಸಂದಿಯಿಂದ ಬಿಸಿಲಿನ ಕೋಲು. ಸೂರ್ಯನಿಗೆ ಬೆನ್ನು ಮಾಡಿ ನಿಂತು ತೆಗೆದರೆ ಹೊಗೆ ಪೇಲವವಾಗಿ ಮೂಡುತ್ತದೆ, ಸೂರ್ಯನತ್ತ ಮುಖ ಮಾಡಿ ತೆಗೆದರೆ ಅದೇ ಹೊಗೆ ಬೆಳ್ಳಗೆ ಹೊಳೆಯುತ್ತದೆ. ಹೊಗೆಯ ಕಣಗಳ ಗಾತ್ರ ಬೆಳಕಿನ ತರಂಗದೂರಕ್ಕೆ ಹತ್ತಿರವಾದಾಗ ಚದರಿದ ಬೆಳಕಿನ ಬಹುಪಾಲು ಮುಂದಿನ ದಿಕ್ಕಿನಲ್ಲೇ ಸಾಗುತ್ತದೆ. ಮೀ ಚದರಿಕೆ ಎಂದು ಪದವಿ ತರಗತಿಯಲ್ಲಿ ಬೋಧಿಸುವುದು ಇದನ್ನೇ. ಕರಿಹಲಗೆಯ ಮೇಲೆ ಒಣಗಿದಂತೆ ಕಾಣುವ ಆ ಪಾಠ ಭಟ್ಟಿಯ ಬಾಗಿಲಲ್ಲಿ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಹರಿಹರದ ಹರಿಹರೇಶ್ವರ ದೇಗುಲದಲ್ಲಿ ಸಮಸ್ಯೆ ಇದಕ್ಕೆ ಹತ್ತಿರದ್ದೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಈ ಗುಡಿಯ ಮಂಟಪದ ಒಳಗೆ ಮಬ್ಬು, ಕಂಬಗಳಾಚೆ ಕಣ್ಣು ಕೋರೈಸುವ ಬಿಸಿಲು. ಜಗುಲಿಯ ಮೇಲೆ ವಿರಮಿಸುವ ಯಾತ್ರಿಕನ ಮುಖಕ್ಕೆ ಬೆಳಕು ಹೊಂದಿಸಿದರೆ ಹೊರಗಿನದೆಲ್ಲ ಬಿಳಿ, ಹೊರಗಿನದಕ್ಕೆ ಹೊಂದಿಸಿದರೆ ಅವನು ಬರೀ ಕಪ್ಪು ಆಕೃತಿ. ಫೋನುಗಳು ಬೇರೆ ಬೇರೆ ಪ್ರಮಾಣದ ಬೆಳಕಿನಲ್ಲಿ ಹಲವು ಚಿತ್ರ ತೆಗೆದು ಬೆಸೆಯುತ್ತವೆ. ಆ ನಡುವೆ ಅವನು ಕೈ ಎತ್ತಿದರೆ ಎರಡು ಕೈಗಳು ಮೂಡಿದರೂ ಮೂಡಿದವೇ! ನನ್ನ ಮಟ್ಟಿಗೆ ಕಪ್ಪು ಆಕೃತಿಯೇ ಮೇಲು.

ವೇಗದ ಲೆಕ್ಕ

ಅಡ್ಡಲಾಗಿ ನಡೆಯುವವನ ವೇಗ ಸೆಕೆಂಡಿಗೆ 1.4 ಮೀಟರ್. ಮೂರು ಮೀಟರ್ ದೂರದಿಂದ 35 ಮಿಮೀ ಮಸೂರದಲ್ಲಿ ನೋಡಿದರೆ ಅವನ ಪ್ರತಿಬಿಂಬ ಸೆಕೆಂಡಿಗೆ ಸುಮಾರು 16 ಮಿಮೀ ಸರಿಯುತ್ತದೆ. ಅದು 0.03 ಮಿಮೀ ಮೀರಬಾರದೆಂದರೆ ಷಟರು 1/500 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿರಬಾರದು. ನೆರಳಿನಲ್ಲಿ ನಮಗೆ ಸಿಕ್ಕದ್ದು 1/200 ಮಾತ್ರ ಎಂಬುದನ್ನು ನೆನಪಿಸಿಕೊಳ್ಳಿ. ಬೆಳಕೂ ವೇಗವೂ ಇಲ್ಲಿ ಜಗಳಕ್ಕೆ ನಿಲ್ಲುತ್ತವೆ. ಐಎಸ್‌ಒ ಏರಿಸಬಹುದು, ಆದರೆ ಅದು ಬೆಳಕನ್ನು ಹೆಚ್ಚಿಸುವುದಿಲ್ಲ. ಫೋಟಾನುಗಳು ನಾಲ್ಕನೇ ಒಂದಕ್ಕೆ ಇಳಿದರೆ ಸಂಕೇತ ಮತ್ತು ಗೊಂದಲದ ನಿಷ್ಪತ್ತಿ ಅರ್ಧಕ್ಕಿಳಿದು ಚಿತ್ರ ಕಾಳುಕಾಳಾಗುತ್ತದೆ. ಇನ್ನೊಂದು ಉಪಾಯ ಜಾಗ ಬದಲಿಸುವುದು. ಅದೇ ಮನುಷ್ಯ ನಮ್ಮತ್ತಲೇ ನಡೆದು ಬರುತ್ತಿದ್ದರೆ ಪ್ರತಿಬಿಂಬ ಸರಿಯುವುದಿಲ್ಲ, ಮೆಲ್ಲಗೆ ಹಿಗ್ಗುತ್ತದೆ ಅಷ್ಟೆ. ಆಗ ಚಿತ್ರದ ಅಂಚಿನಲ್ಲೂ ಸರಿತ ಸುಮಾರು ಅರ್ಧದಷ್ಟು ಮಾತ್ರ, ನಡುಭಾಗದಲ್ಲಿ 1/200 ಧಾರಾಳ ಸಾಕು. ಬೀದಿಯ ಚಿತ್ರಗಳಲ್ಲಿ ಜನ ಎದುರಿಗೆ ಬರುತ್ತಿರುವುದು ಹೆಚ್ಚೇಕೆ ಎಂಬುದಕ್ಕೆ ಇದೂ ಒಂದು ಕಾರಣ.

ನೆಗೆತದ ಚಿತ್ರಗಳು ಮತ್ತೂ ಸ್ವಾರಸ್ಯಕರ. ಬೇಸಿಗೆಯಲ್ಲಿ ಹರಿಹರದ ತುಂಗಭದ್ರೆಯ ದಡದಲ್ಲಿ ಹುಡುಗರು ನೀರಿಗೆ ಹಾರುವುದುಂಟು. (ಚಿತ್ರಕ್ಕಾಗಿ ಅವರನ್ನು ಹುರಿದುಂಬಿಸುವುದು ಬೇಡ, ಹೊಳೆ ಹೊಳೆಯೇ.) ಹುಡುಗ ಅರ್ಧ ಮೀಟರ್ ಮೇಲಕ್ಕೆ ನೆಗೆದು ಅದೇ ಮಟ್ಟಕ್ಕೆ ಬರಲು 0.64 ಸೆಕೆಂಡು ಹಿಡಿಯುತ್ತದೆ. ಇದರಲ್ಲಿ ಶೇಕಡಾ 70ರಷ್ಟು ಕಾಲವನ್ನು ಅವನು ಎತ್ತರದ ಮೇಲಿನ ಅರ್ಧದಲ್ಲೇ ಕಳೆಯುತ್ತಾನೆ. ತುತ್ತತುದಿಯಲ್ಲಿ ವೇಗ ಶೂನ್ಯ. ಅದರ ಆಚೀಚೆ 0.05 ಸೆಕೆಂಡಿನಲ್ಲಿ ಸರಿಯುವುದು 1.2 ಸೆಂಮೀ ಮಾತ್ರ. ಪ್ರಕೃತಿಯೇ ಅಲ್ಲಿ ಷಟರು ಹಿಡಿದು ನಿಂತಿದೆ. ಕಾಲು ನೆಲ ಬಿಟ್ಟ ಕೂಡಲೇ ಒತ್ತಿದರೆ ನಮ್ಮ ಕಾಲು ಸೆಕೆಂಡಿನ ವಿಳಂಬ ಸರಿಯಾಗಿ ಆ ತುದಿಯ ಹತ್ತಿರಕ್ಕೆ ಒಯ್ಯುತ್ತದೆ.

ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋ 1932ರಲ್ಲಿ ಪ್ಯಾರಿಸ್ಸಿನ ರೈಲುನಿಲ್ದಾಣದ ಹಿಂಬದಿಯಲ್ಲಿ ಬೇಲಿಯ ಸಂದಿಯಿಂದ ತೆಗೆದ ಚಿತ್ರ ಇದಕ್ಕೆ ತದ್ವಿರುದ್ಧ. ನಿಂತ ನೀರನ್ನು ದಾಟಲು ಹಾರಿದವನ ಹಿಮ್ಮಡಿ ನೀರನ್ನು ಇನ್ನೇನು ಮುಟ್ಟಬೇಕು. ಅದು ವೇಗ ಹೆಚ್ಚಿರುವ ಘಟ್ಟ, ಅವನು ಮಸುಕಾಗಿಯೇ ಇದ್ದಾನೆ. ಆದರೂ ಪ್ರತಿಬಿಂಬ ಅಚ್ಚುಕಟ್ಟು. ಸ್ಫುಟತೆಯೇ ಎಲ್ಲವೂ ಅಲ್ಲವೆಂದು ಒಪ್ಪಿಸುವ ಚಿತ್ರ. 1952ರ ಅವರ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ 'ನಿರ್ಣಾಯಕ ಕ್ಷಣ' ಎಂಬರ್ಥದ ಹೆಸರು, ಫ್ರೆಂಚಿನಲ್ಲಿ ಹೆಚ್ಚುಕಡಿಮೆ 'ಕದ್ದು ಅವಸರದಲ್ಲಿ ತೆಗೆದವು' ಎಂಬರ್ಥದ ಹೆಸರು.

ಕದ್ದು ಎಂಬ ಆ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಮಂಡಕ್ಕಿ ಭಟ್ಟಿಯಲ್ಲಿ ತೆಗೆದ ಚಿತ್ರವನ್ನು ನನಗೆ ತೋರಿಸಿದಳು. ಜರಡಿಯಿಂದ ಮೇಲೆ ಚಿಮ್ಮಿದ ಮಂಡಕ್ಕಿ ಗಾಳಿಯಲ್ಲಿ ನಿಂತಿತ್ತು, ಒಂದೊಂದು ಕಾಳೂ ಎಣಿಸುವಂತಿತ್ತು, ಹಿಂದೆ ಕೆಲಸದ ಹೆಂಗಸಿನ ಬೆವರಿದ ಮುಖ. ತಾಂತ್ರಿಕವಾಗಿ ನೂರಕ್ಕೆ ನೂರು. ಕಾಲೇಜಿನ ಪ್ರದರ್ಶನಕ್ಕೆ ಇಡುವ ಮೊದಲು ಒಂದು ಪ್ರತಿಯನ್ನು ಆ ಹೆಂಗಸಿಗೆ ಕೊಡಲು ಹೋದಳು. ಆಕೆ ಬಹಳ ಹೊತ್ತು ನೋಡಿ, 'ಚೆನ್ನಾಗೈತಿ, ಆದ್ರ ಕೈಮೇಲಿನ ಸುಟ್ಟ ಕಲಿ ಕಾಣ್ತಾವ. ಮಗಳಿಗೆ ಗಂಡು ನೋಡಾಕತ್ತೀವಿ, ನಾಕು ಮಂದಿಗೆ ತೋರಸಬ್ಯಾಡ್ರಿ' ಎಂದಳಂತೆ. ಚಿತ್ರ ಪ್ರದರ್ಶನಕ್ಕೆ ಬರಲಿಲ್ಲ. ಪ್ರತಿಯನ್ನು ಮಾತ್ರ ಆಕೆ ಇಟ್ಟುಕೊಂಡಳು. ಅದಾದ ಮೇಲೆ ಆ ವಿದ್ಯಾರ್ಥಿನಿ ಮೊದಲು ತೆಗೆದು ಆಮೇಲೆ ಕೇಳುವ ಪದ್ಧತಿ ಇಟ್ಟುಕೊಂಡಳು. ಮೊದಲೇ ಕೇಳಿದರೆ ಸಹಜತೆ ಹೋಗುತ್ತದೆ, ಕೇಳದೇ ಇದ್ದರೆ ಆಕೆಯ ಕೈ ಆಕೆಯದಾಗಿ ಉಳಿಯುವುದಿಲ್ಲ. ನನಗೆ ಇದು ಸರಿಯಾದ ದಾರಿ ಎನಿಸುತ್ತದೆ.

ಕಾನೂನಿನ ಕಡೆಯಿಂದ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಬಾಳಿನುದ್ದಕ್ಕೂ ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರು ಕನಿಕರದ ವಸ್ತುಗಳಾಗಿ ಕಾಣುವುದಿಲ್ಲ. ಸೂತ್ರದಿಂದ ಇದನ್ನು ಕಲಿಸುವುದು ನನ್ನಿಂದಾಗದು, ಚಿತ್ರಗಳನ್ನು ನೋಡಿಯೇ ಕಲಿಯಬೇಕು.

ಅಧ್ಯಾಪಕರಿಗೆ ಒಂದು ಪ್ರಯೋಗ. ಇದರಲ್ಲಿ ಯಾರ ಮುಖವೂ ಬೇಕಿಲ್ಲ. ಸೂರ್ಯ ಮುಳುಗಿದ ಮೇಲಿನ ಮಬ್ಬು ಬೆಳಕಿನಲ್ಲಿ ಫೋನನ್ನು ಗೋಡೆಗೆ ಒರಗಿಸಿಟ್ಟು, ಷಟರಿನ ಕಾಲವನ್ನು 1/40 ಸೆಕೆಂಡಿಗೆ ನಿಲ್ಲಿಸಿ. ವಿದ್ಯಾರ್ಥಿಯೊಬ್ಬ ಅಡ್ಡಲಾಗಿ ಸೈಕಲ್ ಹೊಡೆಯಲಿ. ಚಿತ್ರವನ್ನು ಗಣಕದಲ್ಲಿ ಹಿಗ್ಗಿಸಿ ಚಕ್ರದ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಎಣಿಸಿ. 70 ಸೆಂಮೀ ಎತ್ತರದ ಚಕ್ರ 350 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್‌ಗೆ 2 ಮಿಮೀ. ಸೀಟಿನ ಹಿಂದಿನ ಪ್ರತಿಫಲಕ 50 ಪಿಕ್ಸೆಲ್ ಉದ್ದದ ಗೆರೆಯಾಗಿದ್ದರೆ ಸೈಕಲ್ ಸರಿದದ್ದು 10 ಸೆಂಮೀ, ವೇಗ ಸೆಕೆಂಡಿಗೆ 4 ಮೀಟರ್, ಗಂಟೆಗೆ 14 ಕಿಲೋಮೀಟರಿಗಿಂತ ತುಸು ಹೆಚ್ಚು. ಬಳಿಕ ಚಕ್ರದ ಕಡ್ಡಿಗಳನ್ನು ನೋಡಿ. ಮೇಲ್ಭಾಗದವು ಕಲಸಿಹೋಗಿ ಬರೀ ಮಬ್ಬಾಗಿರುತ್ತವೆ, ನೆಲದ ಹತ್ತಿರದವು ಬಹುಮಟ್ಟಿಗೆ ಸ್ಪಷ್ಟ. ಉರುಳುವ ಚಕ್ರದಲ್ಲಿ ನೆಲ ಮುಟ್ಟುವ ಬಿಂದುವಿನ ವೇಗ ಆ ಕ್ಷಣಕ್ಕೆ ಶೂನ್ಯ, ತುದಿಯದು ಸೈಕಲ್ಲಿನ ಎರಡರಷ್ಟು.