ಕಾರಿನ ಹಿಂಗಾವಲು ಮೂಕವಾದಾಗ

ಕಾರನ್ನು ಹಿಮ್ಮುಖವಾಗಿ ನಡೆಸುವಾಗ ಚಾಲಕನ ಕಣ್ಣಿಗೆ ಬೀಳದ ಜಾಗವೊಂದು ಹಿಂಬದಿಯಲ್ಲಿ ಇದ್ದೇ ಇರುತ್ತದೆ. ಅಂಗಳದಲ್ಲಿ ಆಡುವ ಎಳೆಯ ಮಗು ಅಲ್ಲಿ ಕುಳಿತಿದ್ದರೆ ಕನ್ನಡಿಯಲ್ಲಿ ಕಾಣಿಸದು. ಅಡಚಣೆಯನ್ನರಿತು ಎಚ್ಚರಿಸುವ ಸಲಕರಣೆಯು ಹೊಸ ಕಾರುಗಳಲ್ಲಿ ಇರಲೇಬೇಕೆಂದು ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಕಡ್ಡಾಯ ಮಾಡಲಾಗಿದೆ. ಈ ಸಲಕರಣೆಯೇ ಕೆಟ್ಟರೆ? ಹಿಂದೆ ಏನೂ ಇಲ್ಲವೆಂಬುದಕ್ಕೂ ಮೌನವೇ ಗುರುತು. ತಾನು ಕೆಟ್ಟಿರುವುದಕ್ಕೂ ಹಲವು ವೇಳೆ ಮೌನವೇ ಗುರುತು. ಅಪಾಯವಿರುವುದು ಇಲ್ಲಿಯೇ.

ಬಂಪರಿನಲ್ಲಿ ರೂಪಾಯಿಯಗಲದ ಬಿಲ್ಲೆಗಳನ್ನು ವಾಚಕರು ನೋಡಿರಬಹುದು. ಇವೇ ಸೆನ್ಸರುಗಳು. ಒಂದೊಂದರಲ್ಲಿಯೂ ಪೀಜೋವಿದ್ಯುತ್ ಗುಣವುಳ್ಳ ಪಿಂಗಾಣಿಯ ತುಣುಕೊಂದಿದೆ. (ಈ ಗುಣವನ್ನು 1880ರಲ್ಲಿ ಕಂಡುಹಿಡಿದವರು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್.) ವಿದ್ಯುತ್ತನ್ನು ಕೊಟ್ಟರೆ ತುಣುಕು ಕಂಪಿಸಿ, ಸೆಕೆಂಡಿಗೆ ಸುಮಾರು 40,000 ಆವರ್ತಗಳ ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತದೆ, ಪ್ರತಿಧ್ವನಿ ಬಂದು ತಾಕಿದರೆ ಅದೇ ತುಣುಕು ವಿದ್ಯುತ್ತನ್ನು ಹುಟ್ಟಿಸುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರುಗಳಷ್ಟೆ. ಆದುದರಿಂದ ಒಂದು ಮೀಟರು ದೂರದ ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಸಾವಿರದಲ್ಲಿ ಸುಮಾರು ಆರು ಪಾಲು ಸಾಕು. ಈ ಕಾಲವನ್ನಳೆದು ದೂರವನ್ನು ತಿಳಿಯುವುದೇ ಯಂತ್ರದ ಕೆಲಸ.

ದೋಷವನ್ನು ಹುಡುಕುವ ಮೊದಲು ಬಿಲ್ಲೆಗಳ ಮೇಲಿನ ಕೆಸರನ್ನು ಒರೆಸಬೇಕು. ಎಷ್ಟೋ ರೋಗಗಳು ಇಷ್ಟರಿಂದಲೇ ವಾಸಿಯಾಗುತ್ತವೆ! ಅನಂತರ ಕೈಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ರಿವರ್ಸ್ ಗೇರಿನಲ್ಲಿರಿಸಿ ಒಂದೊಂದು ಬಿಲ್ಲೆಯ ಬಳಿಯೂ ಕಿವಿಗೊಡಬೇಕು. ಶ್ರವಣಾತೀತವಾದುದು ಕೇಳಿಸುವುದೆಂತು? ಧ್ವನಿಯನ್ನು ಬಿಟ್ಟು ಬಿಟ್ಟು ಕಳುಹಿಸುವುದರಿಂದ ಪ್ರತಿ ಸಲವೂ ಮೆಲ್ಲನೆಯ 'ಟಿಕ್' ಸದ್ದಾಗುತ್ತದೆ. ಎಲ್ಲವೂ ಮೂಕವಾಗಿದ್ದು, ರಿವರ್ಸಿನ ಬಿಳಿಯ ದೀಪವೂ ಉರಿಯದಿದ್ದರೆ ಫ್ಯೂಸನ್ನೋ ಗೇರಿನ ಸ್ವಿಚ್ಚನ್ನೋ ಶಂಕಿಸಬೇಕು. ಒಂದೇ ಮೂಕವಾಗಿದ್ದರೆ ಅದನ್ನು ಅದೇ ಬಗೆಯ ಇನ್ನೊಂದರೊಡನೆ ಅದಲುಬದಲು ಮಾಡಿ ನೋಡಬೇಕು. ಮೌನವು ಸೆನ್ಸರಿನ ಜೊತೆಗೆ ಹೋದರೆ ದೋಷ ಸೆನ್ಸರಿನದು; ಹಳೆಯ ಜಾಗದಲ್ಲಿಯೇ ಉಳಿದರೆ ತಂತಿಯದು. (ಒಂದು ಕೆಟ್ಟರೆ ಇಡೀ ವ್ಯವಸ್ಥೆಯೇ ನಿಂತುಹೋಗುವ ಕಾರುಗಳೂ ಉಂಟು.)

ನನ್ನ ಮಿತ್ರರೊಬ್ಬರ ಕಾರಿನಲ್ಲಿ ಮೂಲೆಯ ಸೆನ್ಸರು ಮಳೆಗಾಲದಲ್ಲಿ ಮೂಕವಾಯಿತು. ಎರಡು ಸಲ ಹೊಸದನ್ನು ಹಾಕಿಸಿದರೂ ಫಲವಿಲ್ಲ. ಅಂದಮೇಲೆ ದೋಷ ತಂತಿಯದೇ ಆಗಬೇಕಷ್ಟೆ? ಆದರೆ ಮೆಕ್ಯಾನಿಕನು ಸೆನ್ಸರನ್ನು ಕಳಚಿ, ತಂತಿಗಳ ತುದಿಗೆ ವೋಲ್ಟ್‌ಮೀಟರು ಹಿಡಿದು, ಪೂರ್ಣ 12 ವೋಲ್ಟನ್ನು ತೋರಿಸಿದನು.

ಅಳತೆ ಸುಳ್ಳಲ್ಲ, ಅಳೆದ ಕ್ರಮ ತಪ್ಪು. ಕಿಲುಬು ಹಿಡಿದ ಜೋಡಣೆಯ ರೋಧ 300 ಓಮ್ ಎಂದಿಟ್ಟುಕೊಳ್ಳೋಣ. ವೋಲ್ಟ್‌ಮೀಟರಿನ ರೋಧ ಒಂದು ಕೋಟಿ ಓಮ್. ಅದು ಎಳೆಯುವ ಪ್ರವಾಹ ಅತ್ಯಲ್ಪವಾದ್ದರಿಂದ ಕಿಲುಬಿನಲ್ಲಿ ನಷ್ಟವಾಗುವುದು ಏನೂ ಇಲ್ಲವೆನ್ನುವಷ್ಟು. ಸೆನ್ಸರಾದರೋ 20 ಮಿಲಿಆಂಪಿಯರು ಬೇಡುತ್ತದೆ ಎನ್ನಿ. ಓಮನ ನಿಯಮದಂತೆ 0.02 × 300 = 6 ವೋಲ್ಟುಗಳು ಜೋಡಣೆಯಲ್ಲಿಯೇ ಕಳೆದುಹೋಗುತ್ತವೆ! ಉಳಿದ ಆರು ವೋಲ್ಟಿನಲ್ಲಿ ಸೆನ್ಸರು ಬಾಯಿ ಬಿಡುವುದು ಹೇಗೆ? ಆದುದರಿಂದ ಸೆನ್ಸರನ್ನು ಕಳಚದೆ, ಪ್ರವಾಹವು ಹರಿಯುತ್ತಿರುವಾಗಲೇ ಅಳೆಯಬೇಕು.

ಹಾಗೆ ಅಳೆದಾಗ, ಬಂಪರಿನೊಳಗೆ ನೀರಿಳಿದು ಹಸಿರುಗಟ್ಟಿದ್ದ ನೆಲತಂತಿಯ ಜೋಡಣೆ ಸಿಕ್ಕಿತು. ಅದನ್ನು ಕೆರೆದು ಬಿಗಿಮಾಡಿದೆವು. ಮಿತ್ರರು ಎಸೆಯದೆ ಇಟ್ಟಿದ್ದ ಮೊದಲನೆಯ ಸೆನ್ಸರನ್ನೇ ಮತ್ತೆ ಕೂಡಿಸಿ ಕಿವಿಗೊಟ್ಟೆವು. ಟಿಕ್ ಟಿಕ್ ಎನ್ನುತ್ತಿತ್ತು.