ಬಟ್ಟೆಯ ವಿನ್ಯಾಸಕ್ಕೆ ನಂಪೈ

ರಬಕವಿ-ಬನಹಟ್ಟಿಯ ಮಗ್ಗದ ಮೇಲೆ ಮೂಡುವ ಬಟ್ಟೆ ಗಣಿತದ ಕಣ್ಣಿಗೆ ಒಂದು ಚೌಕಳಿ ಹಾಳೆ. ಹಾಸಿನ ಎಳೆ ಮೇಲಿದ್ದ ಮನೆಗೆ 1, ಹೊಕ್ಕಿನ ಎಳೆ ಮೇಲಿದ್ದ ಮನೆಗೆ 0. ಸಾವಿರ ಹಾಸು, ಸಾವಿರ ಹೊಕ್ಕು ಎಂದರೆ ಹತ್ತು ಲಕ್ಷ ಮನೆ. ಅಷ್ಟನ್ನೂ ಕೈಯಲ್ಲಿ ತುಂಬಬೇಕಿಲ್ಲ. ಎಳೆ ಎತ್ತುವ ನಾಲ್ಕು ಚೌಕಟ್ಟು, ಕಾಲಲ್ಲಿ ತುಳಿಯುವ ನಾಲ್ಕು ಮಣೆ ಇರುವ ಕೈಮಗ್ಗಕ್ಕೆ ಮೂರು ಕೋಷ್ಟಕ ಸಾಕು: ಯಾವ ಎಳೆ ಯಾವ ಚೌಕಟ್ಟಿನಲ್ಲಿದೆ, ಯಾವ ಮಣೆ ಯಾವ ಚೌಕಟ್ಟನ್ನು ಎತ್ತುತ್ತದೆ, ಮಣೆ ತುಳಿಯುವ ಸರದಿ ಏನು. ಮೂರೂ ಸೇರಿ 8,016 ಅಂಕಿ. ಪಿಯುಸಿಯಲ್ಲಿ ಕಲಿಯುವ ಮಾತೃಕೆಗಳ ಗುಣಾಕಾರದಿಂದ ಹತ್ತು ಲಕ್ಷ ಮನೆಯೂ ತುಂಬುತ್ತದೆ. ಪವರ್‌ಲೂಮಿನಲ್ಲಿ ಮಣೆಯ ಕೆಲಸವನ್ನು ಡಾಬಿ ಎಂಬ ಸಾಧನ ಮಾಡಿದರೂ ಲೆಕ್ಕದ ತತ್ವ ಇದೇ.

ಈ ಗುಣಾಕಾರಕ್ಕೆ ಹೇಳಿಮಾಡಿಸಿದ್ದು ಪೈಥಾನ್ ಭಾಷೆಯ ನಂಪೈ ಎಂಬ ಮುಕ್ತ ಲೈಬ್ರರಿ. ಅದಕ್ಕೂ ಮುಂಚಿನ ಎರಡು ಲೈಬ್ರರಿಗಳನ್ನು ಬೆಸೆದು ಟ್ರಾವಿಸ್ ಆಲಿಫಂಟ್ ಕಟ್ಟಿದ ಇದರ 1.0 ಆವೃತ್ತಿ ಬಂದದ್ದು 2006ರಲ್ಲಿ. 2019ರಲ್ಲಿ ಜಗತ್ತು ಕಂಡ ಕಪ್ಪುಕುಳಿಯ ಮೊದಲ ಚಿತ್ರದ ಲೆಕ್ಕದಲ್ಲೂ ಇದರ ಪಾಲಿತ್ತು.

ಪೈಥಾನ್ ಹಾಕಿಕೊಂಡ ಕಂಪ್ಯೂಟರಿಗೆ ನಂಪೈ ತರುವುದು ‘ಪಿಪ್’ ಎಂಬ ಪುಟ್ಟ ಸಾಧನ. ಆಜ್ಞೆ ಒಂದೇ ಸಾಲಿನದಾದರೂ ಹಿಂದಿನ ಕೆಲಸ ಸಣ್ಣದಲ್ಲ. ವೇಗಕ್ಕಾಗಿ ನಂಪೈನ ಒಳಭಾಗವನ್ನು ಸಿ ಭಾಷೆಯಲ್ಲಿ ಬರೆದಿದ್ದಾರೆ. ಮಾತೃಕೆಗಳ ಗುಣಾಕಾರವನ್ನು ಅದು ಸಾಮಾನ್ಯವಾಗಿ ಓಪನ್‌ಬ್ಲಾಸ್ ಎಂಬ ಇನ್ನೊಂದು ಲೈಬ್ರರಿಗೆ ವಹಿಸುತ್ತದೆ. ಸಿ ಭಾಷೆಯಲ್ಲಿ ಬರೆದದ್ದನ್ನು ಪ್ರೊಸೆಸರ್ ನೇರವಾಗಿ ಓದಲಾರದು, ಯಂತ್ರಭಾಷೆಗೆ ಇಳಿಸಬೇಕು. ಹೀಗೆ ಮೊದಲೇ ಇಳಿಸಿ ಕಟ್ಟಿಟ್ಟ ಗಂಟಿಗೆ ‘ವೀಲ್’ ಎನ್ನುತ್ತಾರೆ. ವಿಂಡೋಸಿಗೆ ಒಂದು, ಲಿನಕ್ಸಿಗೆ ಇನ್ನೊಂದು. ಪೈಥಾನಿನ ಆವೃತ್ತಿ ಬದಲಾದರೆ ಮತ್ತೊಂದು. ಪಿಪ್ ನಿಮ್ಮ ಯಂತ್ರಕ್ಕೆ ಹೊಂದುವುದನ್ನು ಹುಡುಕಿ ತರುತ್ತದೆ. ಸಿಗದಿದ್ದರೆ ಮೂಲ ಸಂಕೇತವನ್ನು ತಂದು ಅಲ್ಲೇ ಇಳಿಸಲು ಹೊರಡುತ್ತದೆ. ಸಿ ಕಂಪೈಲರ್ ಇಲ್ಲದ ಯಂತ್ರದಲ್ಲಿ ಪರದೆ ತುಂಬ ಕೆಂಪಕ್ಷರ ಸುರಿಯುವುದು ಆಗಲೇ. ಪೈಥಾನ್ ತೀರ ಹಳೆಯದೋ, ನಿನ್ನೆ ಮೊನ್ನೆ ಬಂದದ್ದೋ ಎಂದು ಮೊದಲು ನೋಡಿ.

ಎಲ್ಲವನ್ನೂ ಒಂದೇ ಕಡೆ ಸುರಿಯುವುದೂ ತೊಂದರೆಯೇ. ಒಂದು ಪ್ರಾಜೆಕ್ಟಿಗೆ ಹಳೆಯ ನಂಪೈ ಬೇಕು, ಇನ್ನೊಂದಕ್ಕೆ ಹೊಸದು. ಒಂದನ್ನು ಹಾಕಿದರೆ ಇನ್ನೊಂದು ಕೆಡುತ್ತದೆ. ಅದಕ್ಕೇ ಪೈಥಾನಿನಲ್ಲಿ ‘ವೆನ್ವ್’ ಇದೆ. ಪ್ರತಿ ಕೆಲಸಕ್ಕೂ ಬೇರೆ ಫೋಲ್ಡರ್, ಅದರೊಳಗೆ ಅದರದೇ ಲೈಬ್ರರಿಗಳು. ಕೆಟ್ಟರೆ ಫೋಲ್ಡರ್ ಅಳಿಸಿ ಹೊಸದು ಮಾಡಿದರಾಯಿತು.

ಜಮಖಂಡಿ, ಮುಧೋಳ, ಬೀಳಗಿಯ ಯಾವುದೇ ಕಾಲೇಜು ಲ್ಯಾಬಿನಲ್ಲಿ ನೆಟ್ ಕುಂಟುತ್ತಿದ್ದರೆ ಒಂದು ಕಂಪ್ಯೂಟರಿನಲ್ಲಿ ಪಿಪ್‌ನ ‘ಡೌನ್‌ಲೋಡ್’ ಆಜ್ಞೆಯಿಂದ ವೀಲ್‌ಗಳನ್ನು ಇಳಿಸಿ, ಪೆನ್‌ಡ್ರೈವಿನಲ್ಲಿ ಉಳಿದವಕ್ಕೆ ಹಂಚಬಹುದು. ಎಲ್ಲವುಗಳ ವಿಂಡೋಸ್ ಮತ್ತು ಪೈಥಾನ್ ಒಂದೇ ಬಗೆಯವಾಗಿರಬೇಕು, ಅಷ್ಟೇ. ಮುಕ್ತ ತಂತ್ರಾಂಶವಾದ್ದರಿಂದ ಹೀಗೆ ಹಂಚಲು ಯಾರ ಅಪ್ಪಣೆಯೂ ಬೇಡ. ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಪಾಠಗಳೂ ಇವೆ.

ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ಬನ್ನೂ ಸೇರಿಸಿಕೊಂಡರೆ ವಿನ್ಯಾಸ ಪರದೆಯ ಮೇಲೆ ಮೂಡುತ್ತದೆ. ಚೌಕಟ್ಟು-ಮಣೆಗಳ ಕೋಷ್ಟಕದಲ್ಲಿ ಇರುವುದು ಬರೀ 16 ಅಂಕಿ. ಒಂದನ್ನು ಬದಲಿಸಿದರೂ ಸಾಮಾನ್ಯವಾಗಿ ಬಟ್ಟೆಯುದ್ದಕ್ಕೂ ಚಿತ್ರ ಬೇರೆಯಾಗುತ್ತದೆ. ಯಾವ ಎಳೆ ಬಹಳ ದೂರ ಕಟ್ಟಿಲ್ಲದೆ ಸಾಗಿದೆ ಎಂದೂ ನಂಪೈ ಎಣಿಸಿ ಹೇಳಬಲ್ಲದು. ಅಂಥ ಎಳೆ ಉಟ್ಟಾಗ ಸಿಕ್ಕಿ ಹರಿಯುತ್ತದೆ. ನೂಲು ಮಗ್ಗಕ್ಕೇರುವ ಮೊದಲೇ ಅದನ್ನು ಸರಿಪಡಿಸಬಹುದು.