ಹಬಶಿಗಳ ಚರಿತ್ರೆ: ತೀರ್ಪು ಬೇಡ, ಸಾಕ್ಷ್ಯ ಬೇಕು

ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆ ಒಂದು ಕಾಲಕ್ಕೆ ವಿಜಯಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಹುಕ್ಕೇರಿಯ ಗುಮ್ಮಟಗಳು ಇಂದಿಗೂ ಅದಕ್ಕೆ ಸಾಕ್ಷಿ. ಆ ರಾಜ್ಯವನ್ನು 1582ರಿಂದ 1590ರವರೆಗೆ, ಇನ್ನೂ ಹುಡುಗನಾಗಿದ್ದ ಎರಡನೇ ಇಬ್ರಾಹಿಂನ ಹೆಸರಿನಲ್ಲಿ ನಡೆಸಿದವನು ದಿಲಾವರ್ ಖಾನ್ ಎಂಬ ಹಬಶಿ, ಅಂದರೆ ಇಥಿಯೋಪಿಯದ ಕಡೆಯ ಮೂಲದವನು. ಹೀಗಿರುವಾಗ ಇಥಿಯೋಪಿಯ, ನೂಬಿಯಗಳ ಜನರ ಚರಿತ್ರೆ ನಮಗೆ ಸಂಬಂಧವಿಲ್ಲದ ಊರಿನ ಸುದ್ದಿಯಲ್ಲ. ತೊಡಕಿರುವುದು ಓದುವ ಬಗೆಯಲ್ಲಿ. ದಖನ್ನಿನ ಹಬಶಿಗಳ ಬಗ್ಗೆ ಉಳಿದಿರುವ ಬರಹ ಬಹುಪಾಲು ಬೇರೆಯವರದು, ಎಷ್ಟೋ ಸಲ ಎದುರಾಳಿಗಳದು. ಅವರ ತೀರ್ಪನ್ನು ಬಿಟ್ಟು, ಅವರು ಕೂಡಿಟ್ಟ ಸಾಕ್ಷ್ಯವನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ವಾದ.

ವಿಜಯಪುರದ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫೆರಿಶ್ತಾ ಹುಟ್ಟಿದ್ದು ಇರಾನಿನಲ್ಲಿ. ಆ ಆಸ್ಥಾನದಲ್ಲಿ ಪದವಿಗಳಿಗಾಗಿ ಇರಾನಿ ಮೂಲದ ಸರದಾರರಿಗೂ ದಖನಿ–ಹಬಶಿ ಬಣಕ್ಕೂ ಬಿರುಸಿನ ಪೈಪೋಟಿಯಿತ್ತು. ಹಾಗಾಗಿ ದಿಲಾವರ್ ಖಾನನ ಬಗ್ಗೆ ಅವನು ಕೊಡುವ ಘಟನೆಗಳನ್ನು ತೂಗಿ ನೋಡಬೇಕು, ಅವನ ಸಿಟ್ಟನ್ನು ಬೇರೆಯಾಗಿ ಎಣಿಸಬೇಕು. ಮಲಿಕ್ ಅಂಬರ್‌ನ ವಿಷಯದಲ್ಲಿ ಈ ಬಗೆಯ ಓದಿನ ಫಲ ಇನ್ನೂ ಸ್ಪಷ್ಟ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರ ರಾಜ್ಯದ ಚುಕ್ಕಾಣಿ ಹಿಡಿದವನು ಅವನು. ಅವನ ವೈರಿಯಾದ ಮೊಘಲ್ ದೊರೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅವನನ್ನು ಬಾಯಿಗೆ ಬಂದಂತೆ ಬೈದ. ಅಂಬರ್ ಬದುಕಿರುವಾಗಲೇ, ಈಟಿಗೆ ಸಿಕ್ಕಿಸಿದ ಅವನ ರುಂಡಕ್ಕೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿದ. 1626ರಲ್ಲಿ ಅಂಬರ್ ತೀರಿಕೊಂಡ ಮೇಲೆ ಅದೇ ಆಸ್ಥಾನದ ಮುತಮದ್ ಖಾನ್, ಯುದ್ಧದಲ್ಲೂ ಆಡಳಿತದಲ್ಲೂ ಅವನಿಗೆ ಸಾಟಿಯಿರಲಿಲ್ಲವೆಂದು ಬರೆದಿಟ್ಟ. ವೈರಿಯ ಬಾಯಿಂದ ಬಂದ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಜನಾಂಗದ ಮೇಲರಿಮೆಯಿಂದ ಬರೆದ ವಸಾಹತು ಕಾಲದ ಪುಸ್ತಕಗಳನ್ನು ಇನ್ನೂ ಯಾಕೆ ಓದಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯ ಹಿಂದೆ ನಿಜವಾದ ನೋವಿದೆ. ಅದಕ್ಕೆ ಉತ್ತರ, ಹಿಂದೆ ನೂಬಿಯಕ್ಕೆ ಸೇರಿದ್ದ, ಇಂದಿನ ಸುಡಾನಿನ ಕೆರ್ಮಾದಲ್ಲಿದೆ. 1913ರಿಂದ 1916ರವರೆಗೆ ಅಲ್ಲಿ ಅಗೆದ ಅಮೆರಿಕದ ಜಾರ್ಜ್ ರೈಸ್ನರ್‌ಗೆ ದೊಡ್ಡ ಸಮಾಧಿ ದಿಬ್ಬವೊಂದರಲ್ಲಿ ಹೆಪ್‌ಜೆಫಾ ಎಂಬ ಈಜಿಪ್ಟಿನ ಅಧಿಕಾರಿಯ ಶಿಲ್ಪದ ತುಣುಕುಗಳೂ ಅವನ ಹೆಂಡತಿಯ ಮೂರ್ತಿಯೂ ಸಿಕ್ಕವು. ಇಷ್ಟು ಭವ್ಯವಾದುದನ್ನು ನೂಬಿಯನ್ನರು ಕಟ್ಟಿರಲಾರರೆಂದು ನಂಬಿದ್ದ ಅವರು, ಅದು ಈಜಿಪ್ಟಿನ ರಾಜ್ಯಪಾಲನ ಗೋರಿ ಎಂದರು. ಆದರೆ ಹೆಪ್‌ಜೆಫಾನ ಗೋರಿ ಈಜಿಪ್ಟಿನ ಅಸ್ಯೂತ್‌ನಲ್ಲೇ ಇದೆ. ಆ ಮೂರ್ತಿಗಳು ಅವನ ಕಾಲಕ್ಕಿಂತ ಬಹಳ ತಡವಾಗಿ ಕೆರ್ಮಾ ಸೇರಿದಂಥವು. ದಿಬ್ಬ ನೂಬಿಯದ ದೊರೆಯದೇ. ಇದನ್ನು ತೋರಿಸಿಕೊಡಲು ನಂತರದ ವಿದ್ವಾಂಸರಿಗೆ ನೆರವಾದದ್ದು ರೈಸ್ನರ್ ಅಚ್ಚುಕಟ್ಟಾಗಿ ದಾಖಲಿಸಿದ ವಿವರಗಳೇ. ಪುಸ್ತಕವನ್ನೇ ಎಸೆದಿದ್ದರೆ ತಪ್ಪನ್ನು ತಿದ್ದುವ ಆಧಾರವೂ ಹೋಗುತ್ತಿತ್ತು.

ಹಾಗೆಂದು ಇಥಿಯೋಪಿಯದ ಹಿರಿಮೆಯನ್ನು ಆಫ್ರಿಕಾ ಮೂಲದ ನಮ್ಮ ಎಲ್ಲ ಸಿದ್ದಿಗಳಿಗೂ ಹಚ್ಚುವುದೂ ಸರಿಯಲ್ಲ. ಅವರ ಆಫ್ರಿಕಾ ಮೂಲ ಮುಖ್ಯವಾಗಿ ಬಾಂಟು ಭಾಷಿಕರಲ್ಲಿದೆ ಎಂದು 2011ರ ತಳಿವಿಜ್ಞಾನ ಅಧ್ಯಯನ ತೋರಿಸಿತು. ಹಳಿಯಾಳ, ಯಲ್ಲಾಪುರದ ಸಿದ್ದಿಗಳ ಬದುಕಿಗೆ ಆಸ್ಥಾನದ ಸರದಾರರ ಕತೆ ಉತ್ತರವಾಗದು. ಜನರನ್ನು ವಿಂಗಡಿಸಿ ಕಾಗದದಲ್ಲಿ ಗೆರೆ ಎಳೆಯುವ ಪದ್ಧತಿಯೂ ಹಳೆಯ ಪುಸ್ತಕಗಳೊಂದಿಗೆ ಮುಗಿದಿಲ್ಲ: ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಜಿಲ್ಲೆಯ ಗಡಿಯಾಚೆ ಬೆಳಗಾವಿ, ಧಾರವಾಡಗಳಲ್ಲಿರುವ ಅದೇ ಸಮುದಾಯ 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.